ಕಡಲಿಲ್ಲದ ಸೀಮೆಯಲ್ಲಿ ಜಲದೃಶ್ಯ: ತೈಲವರ್ಣಕ್ಕೆ ಬಾದಾಮಿಯ ತೀರ್ಥ ಮತ್ತು ಕೃಷ್ಣೆಯ ಹಿನ್ನೀರು

ಬಂಡೆ, ನೀರು, ಆಕಾಶ ಎಂಬ ಮೂರರ ಪರಸ್ಪರ ಸಂಬಂಧವನ್ನು ಬಣ್ಣದಲ್ಲಿ ಹಿಡಿಯುವುದೇ ಕಡಲ ದೃಶ್ಯವನ್ನು ಬಿಡಿಸುವವರ ಮುಖ್ಯ ಕೆಲಸವಾಗಿದ್ದು, ಆ ಮೂರೂ ಬಾಗಲಕೋಟೆ ಜಿಲ್ಲೆಯಲ್ಲಿ ಧಾರಾಳವಾಗಿ ದೊರೆಯುವುದರಿಂದ, ಇಲ್ಲಿನ ಕಲಾಭ್ಯಾಸಿಯು ಕಾರವಾರಕ್ಕೋ ಗೋಕರ್ಣಕ್ಕೋ ಹೊರಡುವ ಮೊದಲು ತನ್ನ ಸೀಮೆಯ ನೀರನ್ನು ನೋಡಲು ಕಲಿಯುವುದು ಹೆಚ್ಚು ಫಲಕಾರಿಯಾಗುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದಲ್ಲಿ ಕಡಿದಾದ ಕೆಂಪು ಬಂಡೆಗಳ ನಡುವೆ ನಿಂತ ನೀರಿದೆ. ಬಾಗಲಕೋಟೆಯ ಹಳೆಯ ಊರಿನ ಅಂಚಿನಲ್ಲಿ ಘಟಪ್ರಭೆಯ ಕಣಿವೆಯನ್ನು ತುಂಬಿಕೊಂಡಿರುವ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಗಾಳಿಗೆ ಏಳುವ ಅಲೆಯೂ ಕಣ್ಣು ಹಾಯುವಷ್ಟು ಹರವೂ ಇದೆ. ಹುನಗುಂದದ ಬಳಿಯ ಕೂಡಲಸಂಗಮದಲ್ಲಿ ಕೃಷ್ಣೆ ಮತ್ತು ಮಲಪ್ರಭೆಗಳು ಕೂಡುವ ಎಡೆಯೇ ನಾರಾಯಣಪುರ ಜಲಾಶಯದ ಹಿನ್ನೀರಾಗಿ ಹರಡಿದೆ. ಉಬ್ಬರವಿಳಿತವನ್ನೂ ದಡಕ್ಕೆ ಬಂದು ಒಡೆಯುವ ತೆರೆಯನ್ನೂ ಬಿಟ್ಟರೆ, ಜಲದೃಶ್ಯದ ಚಿತ್ರಣಕ್ಕೆ ಬೇಕಾದ ಪಾಠಗಳಲ್ಲಿ ಬಹುಪಾಲು ಈ ಮೂರು ನೀರುಗಳಲ್ಲಿಯೇ ಮುಗಿಯುತ್ತವೆ.

ಈ ಅಭ್ಯಾಸಕ್ಕೆ ಮೊದಲ ಅಡ್ಡಿಯೆಂದರೆ ನೀರು ಎಂದೊಡನೆ ಕೈ ನೀಲಿಯ ಕಡೆಗೆ ಹೋಗುವುದು. ಶಾಲೆಯ ಚಿತ್ರಕಲೆಯ ಪುಸ್ತಕ ಮತ್ತು ಗೋಡೆಯ ಕ್ಯಾಲೆಂಡರುಗಳು ಈ ರೂಢಿಯನ್ನು ಬೆಳೆಸಿರುವಂತೆಯೇ, ಪ್ರತಿವರ್ಷ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಬಂದು ಡೇರೆ ಹಾಕುವ ನಾಟಕ ಕಂಪನಿಗಳ ಪರದೆಗಳೂ ನದಿ, ಬೆಟ್ಟ, ಅರಮನೆಗಳನ್ನು ಒಂದು ನಿಶ್ಚಿತ ಬಣ್ಣದಲ್ಲಿ ಕಾಣುವುದನ್ನು ಈ ಭಾಗದ ಕಣ್ಣಿಗೆ ಕಲಿಸಿವೆ. ದೀಪದ ಬೆಳಕಿನಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೂ ಕಾಣಬೇಕಾದ ಪರದೆಗೆ ಆ ಕ್ರಮವು ಯುಕ್ತವಾದದ್ದೇ ಆಗಿದ್ದು, ಪರದೆಯ ಕಲಾವಿದರ ಕೈಚಳಕವನ್ನು ಕಡೆಗಣಿಸುವುದು ತಪ್ಪಾಗುತ್ತದೆ. ಆದರೆ ನೀರಿನ ಮುಂದೆಯೇ ಕುಳಿತು ಚಿಕ್ಕ ಹಲಗೆಯ ಮೇಲೆ ಚಿತ್ರಿಸುವಾಗ, ನೀರಿಗೆ ತನ್ನದೆಂಬ ಬಣ್ಣ ಬಹಳ ಕಡಿಮೆಯೆಂದೂ, ಅದು ಹೊತ್ತು ತಂದ ಮಣ್ಣು, ತಳದ ಪಾಚಿ, ಎದುರಿನ ಬಂಡೆ ಮತ್ತು ಮೇಲಿನ ಆಕಾಶ ಇವುಗಳ ಬಣ್ಣವೇ ನೀರಿನ ಬಣ್ಣವೆಂದೂ ತಿಳಿದು ಕೈ ಹಾಕಬೇಕಾಗುತ್ತದೆ.

ಎಣ್ಣೆ, ಹಲಗೆ, ಬಣ್ಣ

ತೈಲವರ್ಣವು ಜಲವರ್ಣದಂತೆ ನೀರು ಆರಿ ಒಣಗುವ ಬಣ್ಣವಲ್ಲ. ಬಣ್ಣದ ಪುಡಿಯನ್ನು ಹಿಡಿದಿರುವ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾದ ಪದರವಾಗುತ್ತದೆ. ಹೀಗೆ ಗಟ್ಟಿಯಾಗುವ ಎಣ್ಣೆಗಳಿಗೆ ಒಣಗುವ ಎಣ್ಣೆಗಳು ಎಂದು ಹೆಸರು. ಶೇಂಗಾ ಎಣ್ಣೆ ಮತ್ತು ಕೊಬ್ಬರಿ ಎಣ್ಣೆಗಳು ಹೀಗೆ ಒಣಗುವುದಿಲ್ಲ. ಅಗಸೆ ಎಣ್ಣೆ ಒಣಗುತ್ತದೆ, ಕುಸುಬೆ ಎಣ್ಣೆ ಇನ್ನಷ್ಟು ನಿಧಾನವಾಗಿ ಒಣಗುತ್ತದೆ. ಯುರೋಪಿನ ಕಲಾವಿದರು ಶತಮಾನಗಳಿಂದ ನೆಚ್ಚಿಕೊಂಡು ಬಂದ ಲಿನ್‌ಸೀಡ್ ಎಣ್ಣೆಯೆಂಬುದು ಈ ಭಾಗದಲ್ಲಿ ರೊಟ್ಟಿಯ ಜೊತೆಗೆ ಚಟ್ನಿಪುಡಿಯಾಗಿ ಬರುವ ಅಗಸೆಯ ಎಣ್ಣೆಯೇ ಆಗಿದೆ. ಬಣ್ಣ ತಯಾರಕರು ಬಿಳಿ ಮತ್ತು ನೀಲಿಗಳು ಹಳದಿಗೆ ತಿರುಗದಿರಲೆಂದು ಆಯ್ದುಕೊಳ್ಳುವ ಸ್ಯಾಫ್ಲವರ್ ಎಣ್ಣೆಯು ಎರೆಹೊಲದ ಹಿಂಗಾರಿ ಬೆಳೆಯಾದ ಕುಸುಬೆಯಿಂದಲೇ ಬರುತ್ತದೆ. ಹಾಗೆಂದು ಗಾಣದಿಂದ ತಂದ ಅಡುಗೆಯ ಎಣ್ಣೆಯನ್ನು ನೇರವಾಗಿ ಬಣ್ಣಕ್ಕೆ ಬೆರೆಸಬಾರದು. ಅದರಲ್ಲಿ ಉಳಿಯುವ ಲೋಳೆ ಮತ್ತು ಕಲ್ಮಶಗಳಿಂದ ಪದರವು ಬೇಗ ಹಳದಿಯಾಗುತ್ತದೆ, ಅಂಟಂಟಾಗಿಯೂ ಉಳಿಯುತ್ತದೆ. ಕಲಾಸಾಮಗ್ರಿಯ ಅಂಗಡಿಯಲ್ಲಿ ಶುದ್ಧೀಕರಿಸಿ ಮಾರುವ ಎಣ್ಣೆಯನ್ನೇ ಬಳಸುವುದು ಕ್ಷೇಮಕರ.

ಹೊರಾಂಗಣದ ಕೆಲಸಕ್ಕೆ 8 ಇಂಚು ಅಗಲ, 10 ಇಂಚು ಉದ್ದದ ಹಾರ್ಡ್‌ಬೋರ್ಡ್ ಸಾಕು. ಮುಂಗಾರಿನ ಗಾಳಿಗೆ ದೊಡ್ಡ ಕ್ಯಾನ್ವಾಸು ಹಾಯಿಯಂತೆ ವರ್ತಿಸಿ ಈಸಲನ್ನು ಉರುಳಿಸುತ್ತದೆ. ಹಲಗೆಯ ನುಣುಪಾದ ಮೈಗೆ ಸ್ವಲ್ಪ ಮರಳು ಕಾಗದ ಉಜ್ಜಿ, ಜೆಸ್ಸೋ ಎಂಬ ಬಿಳಿಯ ಅಸ್ತರಿಯನ್ನು ಎರಡು ಮೂರು ಬಾರಿ ಬಳಿದು ಒಣಗಿಸಬೇಕು. ಎಣ್ಣೆಯು ನೇರವಾಗಿ ಹಲಗೆಯ ನಾರಿಗೆ ಇಳಿದರೆ ಬಣ್ಣ ಸತ್ತಂತೆ ಕಾಣುತ್ತದೆ; ಅದನ್ನು ತಡೆಯುವುದೇ ಈ ಅಸ್ತರಿಯ ಕೆಲಸ. ಆಮೇಲೆ ಬರ್ನ್ಟ್ ಸಿಯೆನ್ನಾ ಅಥವಾ ರಾ ಅಂಬರನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕರಗಿಸಿ ಬಟ್ಟೆಯಿಂದ ಒರೆಸಿ, ಬಿಳಿಯ ಮೈಯನ್ನು ನಡುಛಾಯೆಗೆ ತರಬೇಕು. ಬಿಳಿಯ ಹಲಗೆಯ ಮೇಲೆ ಇಟ್ಟ ಪ್ರತಿಯೊಂದು ಬಣ್ಣವೂ ಇರುವುದಕ್ಕಿಂತ ಗಾಢವಾಗಿ ತೋರಿ ಕಣ್ಣನ್ನು ಮೋಸಗೊಳಿಸುತ್ತದೆಯಾದ್ದರಿಂದ, ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಈ ಸಿದ್ಧತೆಯನ್ನು ತಪ್ಪಿಸುವಂತಿಲ್ಲ. ಹಲಗೆಯೂ ಪ್ಯಾಲೆಟ್ಟೂ ನೆರಳಿನಲ್ಲಿರಬೇಕು; ಬಿಸಿಲಿಗೆ ಒಡ್ಡಿಕೊಂಡ ಹಲಗೆಯ ಮೇಲೆ ಸರಿಯೆಂದು ತೋರಿದ ಚಿತ್ರವು ಮನೆಯೊಳಗೆ ತಂದಾಗ ಕಪ್ಪಿಟ್ಟು ಕಾಣುವುದು ಸಾಮಾನ್ಯ.

ಬಣ್ಣಗಳ ಆಯ್ಕೆಯಲ್ಲಿ ಬಾದಾಮಿಯ ಬಂಡೆಯೇ ಗುರುವಾಗಬಲ್ಲದು. ಬಾಗಲಕೋಟೆ ತಾಲ್ಲೂಕಿನ ಕಲಾದಗಿಯ ಹೆಸರನ್ನೇ ಭೂವಿಜ್ಞಾನಿಗಳು ಈ ಪ್ರದೇಶದ ಅತಿ ಪ್ರಾಚೀನ ಶಿಲಾಸಮೂಹಕ್ಕೆ ಇಟ್ಟಿದ್ದು, ಅದರ ಮೇಲ್ಭಾಗದ ಬಾದಾಮಿ ಗುಂಪಿನ ಮರಳುಗಲ್ಲು ನೀರಿನಡಿಯಲ್ಲಿ ಪದರ ಪದರವಾಗಿ ಶೇಖರವಾದ ಮರಳಿನಿಂದ ಆದದ್ದಾಗಿದೆ. ಆ ಮರಳಿನ ಕಣಗಳಿಗೆ ಲೇಪವಾಗಿರುವ ಕಬ್ಬಿಣದ ಆಕ್ಸೈಡಿನಿಂದ ಕಲ್ಲಿಗೆ ಕೆಂಪು ಬಂದಿದೆ. ಇಂಡಿಯನ್ ರೆಡ್, ಲೈಟ್ ರೆಡ್, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಎಂಬ ಹೆಸರಿನ ಕೊಳವೆಗಳಲ್ಲಿ ಇರುವುದೂ ಕಬ್ಬಿಣದ ಇವೇ ಬಗೆಯ ಆಕ್ಸೈಡುಗಳೇ ಆದ್ದರಿಂದ, ಈ ಬಂಡೆಯನ್ನು ಚಿತ್ರಿಸಲು ಹೊಳಪಿನ ಕೆಂಪು ಬಣ್ಣಗಳ ಅಗತ್ಯವೇ ಇಲ್ಲ. ಈ ಮಣ್ಣುಬಣ್ಣಗಳಿಗೆ ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಸ್ವಲ್ಪ ಹಸಿರು ಬೆರೆತಂತಿರುವ ಇನ್ನೊಂದು ನೀಲಿ, ಐವರಿ ಬ್ಲ್ಯಾಕ್ ಮತ್ತು ಒಂದು ತಿಳಿಹಳದಿ ಸೇರಿದರೆ ಜಿಲ್ಲೆಯ ಯಾವ ನೀರನ್ನಾದರೂ ಚಿತ್ರಿಸಬಹುದು. ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುವ ಬಣ್ಣವಾದ್ದರಿಂದ ಅದರ ಬದಲು ಬಾಳಿಕೆಯ ಕ್ವಿನಾಕ್ರಿಡೋನ್ ಕೆಂಪನ್ನು ಕೊಳ್ಳುವುದು ಲೇಸು. ತವರದ ಕೊಳವೆಯಲ್ಲಿ ಬಣ್ಣ ತುಂಬುವ ಉಪಾಯವನ್ನು ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಕಲಾವಿದ 1841ರಲ್ಲಿ ಕಂಡುಹಿಡಿದ ನಂತರವೇ ತೈಲವರ್ಣವನ್ನು ಹೊರಗೆ ಹೊತ್ತೊಯ್ಯುವುದು ಸುಲಭವಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಅಗಸ್ತ್ಯತೀರ್ಥದ ಪಾಠ

ಅಗಸ್ತ್ಯತೀರ್ಥಕ್ಕೆ ಉತ್ತರ ಮತ್ತು ದಕ್ಷಿಣಗಳಲ್ಲಿ ಬೆಟ್ಟಗಳಿದ್ದು, ಪೂರ್ವದ ತುದಿಯಲ್ಲಿ ಭೂತನಾಥ ದೇವಾಲಯಗಳಿವೆ, ಪಶ್ಚಿಮಕ್ಕೆ ಊರಿದೆ. ಈ ವಿನ್ಯಾಸದಿಂದಾಗಿ ಚಿತ್ರಕಾರನಿಗೆ ದಿನಕ್ಕೆ ಎರಡು ಬೇರೆ ಬೇರೆ ದೃಶ್ಯಗಳು ದೊರೆಯುತ್ತವೆ. ಬೆಳಿಗ್ಗೆ ಊರಿನ ಕಡೆಯ ದಡದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಸೂರ್ಯ ಎದುರಿಗಿದ್ದು, ಬಂಡೆಗಳೂ ಭೂತನಾಥನ ಗುಡಿಯೂ ವಿವರಗಳನ್ನು ಕಳೆದುಕೊಂಡ ನೇರಳೆ-ಬೂದು ಆಕಾರಗಳಾಗುತ್ತವೆ; ಇಂಥ ದೃಶ್ಯವು ಆರಂಭದ ಅಭ್ಯಾಸಿಗೆ ಅತ್ಯುತ್ತಮ, ಏಕೆಂದರೆ ಮೂರು ನಾಲ್ಕು ಛಾಯೆಗಳಲ್ಲಿಯೇ ಇಡೀ ಚಿತ್ರ ನಿಲ್ಲುತ್ತದೆ. ಸಂಜೆ ಅದೇ ಜಾಗದಿಂದ ನೋಡಿದರೆ ಸೂರ್ಯ ಬೆನ್ನ ಹಿಂದಿರುತ್ತಾನೆ. ಎದುರಿನ ಬಂಡೆಯ ಮೈ ಕೆಂಡದ ಬಣ್ಣಕ್ಕೆ ತಿರುಗಿ, ನೀರಿನ ಅರ್ಧಕ್ಕರ್ಧ ಭಾಗ ಕೆಂಪಾಗುತ್ತದೆ. ಈ ಎರಡನೆಯ ದೃಶ್ಯಕ್ಕೆ ಎಲ್ಲರೂ ಮರುಳಾಗುವುದು ಸಹಜವಾದರೂ ಚಿತ್ರಿಸುವುದಕ್ಕೆ ಅದೇ ಕಠಿಣ. ಕೆಂಪು ಉಜ್ವಲವಾಗಿ ತೋರಬೇಕಾದರೆ ಅದರ ಪಕ್ಕದ ನೆರಳುಗಳು ತಣ್ಣಗಿರಬೇಕು. ಬಂಡೆಯ ಸೀಳುಗಳಲ್ಲಿಯ ನೆರಳಿಗೆ ಕಪ್ಪು ಸುರಿಯದೆ, ಅಲ್ಟ್ರಾಮರೀನನ್ನು ಇಂಡಿಯನ್ ರೆಡ್ಡಿಗೆ ಬೆರೆಸಿ ಬರುವ ಮಂದ ನೇರಳೆಯನ್ನು ಬಳಸಬೇಕು. ಮಳೆನೀರು ಇಳಿದ ಗುರುತಾಗಿ ಬಂಡೆಯ ಮೈಮೇಲೆ ಇರುವ ಉದ್ದುದ್ದ ಕಪ್ಪು ಪಟ್ಟೆಗಳನ್ನು ಬಿಡಬಾರದು. ಬಂಡೆ ಎಷ್ಟು ಕಡಿದಾಗಿದೆಯೆಂಬುದನ್ನು ಆ ಪಟ್ಟೆಗಳೇ ಹೇಳುತ್ತವೆ.

ನೀರಿನಲ್ಲಿಯ ಪ್ರತಿಬಿಂಬವನ್ನು ಬಂಡೆಯ ತಲೆಕೆಳಗಾದ ನಕಲೆಂದು ಭಾವಿಸುವುದು ಬಹುಪಾಲು ಚಿತ್ರಗಳನ್ನು ಕೆಡಿಸುವ ತಪ್ಪು. ಪ್ರತಿಬಿಂಬದಲ್ಲಿ ಕಾಣುವುದು ನೀರಿನ ಮಟ್ಟಕ್ಕಿಂತ ಕೆಳಗಿನಿಂದ ನೋಡಿದರೆ ಕಾಣಬಹುದಾದ ವಸ್ತು. ಆದ್ದರಿಂದ ಭೂತನಾಥ ಗುಡಿಯ ಮಂಟಪವನ್ನು ನೇರವಾಗಿ ನೋಡುವಾಗ ಅದರ ಸೂರಿನ ಮೇಲ್ಮೈ ಕಂಡರೆ, ನೀರಿನಲ್ಲಿ ಅದೇ ಸೂರಿನ ತಳಭಾಗ ಹೆಚ್ಚಾಗಿ ಕಾಣುತ್ತದೆ. ಛಾಯೆಯಲ್ಲಿಯೂ ವ್ಯತ್ಯಾಸವಿದೆ. ಬೆಳಕಾದ ವಸ್ತುವಿನ ಬಿಂಬ ಮೂಲಕ್ಕಿಂತ ತುಸು ಮಂಕಾಗಿರುತ್ತದೆ, ಗಾಢ ವಸ್ತುವಿನ ಬಿಂಬ ತುಸು ತಿಳಿಯಾಗಿರುತ್ತದೆ. ಎರಡೂ ನಡುಛಾಯೆಯ ಕಡೆಗೆ ಸರಿಯುತ್ತವೆ. ಇದಲ್ಲದೆ ನೋಟದ ಕೋನವೂ ಮುಖ್ಯ. ಕಾಲಬುಡದ ನೀರನ್ನು ಮೇಲಿನಿಂದ ನೋಡುವುದರಿಂದ ಬಹಳಷ್ಟು ಬೆಳಕು ಒಳಗಿಳಿದು ನೀರಿನ ಸ್ವಂತ ಹಸಿರು, ಮುಳುಗಿದ ಮೆಟ್ಟಿಲು ಕಾಣುತ್ತವೆ. ದೂರದ ನೀರನ್ನು ಓರೆಯಾಗಿ ನೋಡುವುದರಿಂದ ಅದು ಕನ್ನಡಿಯಾಗಿ ಬಂಡೆ ಮತ್ತು ಆಕಾಶಗಳನ್ನು ಮಾತ್ರ ತೋರಿಸುತ್ತದೆ. ಹಾಗಾಗಿ ಚಿತ್ರದ ಕೆಳಭಾಗದಿಂದ ಮೇಲಕ್ಕೆ ಹೋದಂತೆ ಹಸಿರು ಕರಗುತ್ತಾ ಕೆಂಪು ಮತ್ತು ಬೂದು ಹೆಚ್ಚಬೇಕು. ತೀರ್ಥದ ಆ ಪಾಚಿ ಹಸಿರನ್ನು ಕೊಳವೆಯ ಹಸಿರಿನಿಂದ ಮಾಡಲು ಹೊರಟರೆ ಅದು ಪ್ಲಾಸ್ಟಿಕ್ಕಿನಂತಾಗುತ್ತದೆ. ಯೆಲ್ಲೋ ಓಕರಿಗೆ ಐವರಿ ಬ್ಲ್ಯಾಕ್ ಬೆರೆಸಿದಾಗ ಹುಟ್ಟುವ ಆಲಿವ್ ಹಸಿರು ಬಹಳ ಹತ್ತಿರ ಬರುತ್ತದೆ, ತಂಪು ಬೇಕಾದಲ್ಲಿ ಅದಕ್ಕೆ ಚೂರು ಅಲ್ಟ್ರಾಮರೀನ್ ಸೇರಿಸಿದರಾಯಿತು.

ಕೆಲಸದ ಕ್ರಮವು ಸರಳವಾಗಿರಬೇಕು. ತೆಳುವಾದ ಅಂಬರಿನಲ್ಲಿ ದಡದ ಗೆರೆ ಮತ್ತು ಬಂಡೆಯ ಹೊರಗೆರೆಗಳನ್ನು ಎಳೆದು, ಮೊದಲು ಅತಿ ಗಾಢ ಭಾಗಗಳನ್ನು, ಬಳಿಕ ಆಕಾಶವನ್ನು, ಆಮೇಲೆ ಬಂಡೆ ಮತ್ತು ಅದರ ಬಿಂಬಗಳನ್ನು ಒಂದೇ ಬಾರಿಗೆ ಬಳಿಯಬೇಕು. ಬಿಂಬವನ್ನು ಕೊನೆಗೆಂದು ಬಿಟ್ಟರೆ ಅಷ್ಟರಲ್ಲಿ ಬೆಳಕು ಬದಲಾಗಿರುತ್ತದೆ. ಬಿಂಬದ ಬಣ್ಣವನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆದು, ಹಸಿಯಿರುವಾಗಲೇ ಒಣ ಕುಂಚವನ್ನು ಅಡ್ಡಲಾಗಿ ಒಂದೆರಡು ಸಲ ಹಗುರವಾಗಿ ಆಡಿಸಿದರೆ ನೀರಿನ ಮೈ ಮೂಡುತ್ತದೆ. ಹೀಗೆ ಹಸಿಬಣ್ಣದ ಮೇಲೆ ಹಸಿಬಣ್ಣವಿಟ್ಟು ಒಂದೇ ಕೂರಿಕೆಯಲ್ಲಿ ಮುಗಿಸುವ ವಿಧಾನಕ್ಕೆ ಆಲಾ ಪ್ರೀಮಾ ಎಂದು ಹೆಸರು. ನವೆಂಬರಿನಿಂದ ಫೆಬ್ರುವರಿಯವರೆಗೆ ಸೂರ್ಯ ಹೆಚ್ಚು ಮೇಲೇರದೆ ಸಾಗುವುದರಿಂದ ಬೆಳಗಿನ ಮತ್ತು ಸಂಜೆಯ ಓರೆಬೆಳಕು ಹೆಚ್ಚು ಹೊತ್ತು ಸಿಗುತ್ತದೆ; ಏಪ್ರಿಲ್ ಮೇ ತಿಂಗಳ ನಡುಹಗಲು ಸೂರ್ಯ ನೆತ್ತಿಯ ಮೇಲಿದ್ದು ಬಂಡೆಗಳು ಚಪ್ಪಟೆಯಾಗಿ ತೋರುವುದರಿಂದ ಆ ಹೊತ್ತಿನಲ್ಲಿ ಚಿತ್ರಿಸುವುದು ವ್ಯರ್ಥ. ಆ ಬಿಸಿಲಿನ ಹೊತ್ತನ್ನು ಬಾದಾಮಿಯ ಗುಹಾಲಯಗಳಲ್ಲಿ ಮೂರನೆಯದರಲ್ಲಿ ಕಳೆಯುವುದು ಉತ್ತಮ: 578ರ ಶಾಸನವುಳ್ಳ ಆ ಗುಹೆಯ ಸೂರಿನ ಒಳಮೈಯಲ್ಲಿ ಚಾಲುಕ್ಯರ ಕಾಲದ ವರ್ಣಚಿತ್ರಗಳ ತುಣುಕುಗಳು ಉಳಿದಿದ್ದು, ಮಾಸಿದ ನಂತರವೂ ಅವುಗಳ ಕೆಂಪು-ಕಂದು ಮೈಬಣ್ಣಗಳು ಸುತ್ತಲಿನ ಕಲ್ಲಿನೊಂದಿಗೆ ಹೇಗೆ ಹೊಂದಿಕೊಂಡಿವೆ ಎಂಬುದನ್ನು ಎಷ್ಟು ನೋಡಿದರೂ ಕಡಿಮೆಯೇ.

ತಾಣದ ಶಿಸ್ತನ್ನೂ ಇಲ್ಲಿಯೇ ಹೇಳಬೇಕು. ಗುಹೆಗಳೂ ಗುಡಿಗಳೂ ಸಂರಕ್ಷಿತ ಸ್ಮಾರಕಗಳಾದ್ದರಿಂದ ಅವುಗಳ ಆವರಣದಲ್ಲಿ ಈಸಲ್ ಹೂಡುವ ಮುನ್ನ ಪುರಾತತ್ತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಬೇಕು. ನೆಲದ ಮೇಲೆ ಹಳೆಯ ಬಟ್ಟೆ ಹಾಸಿಕೊಂಡರೆ ಕಲ್ಲಿಗೆ ಬಣ್ಣದ ಹನಿ ಬೀಳುವುದಿಲ್ಲ. ಟರ್ಪೆಂಟೈನನ್ನು ತೀರ್ಥಕ್ಕೆ ಚೆಲ್ಲುವುದಾಗಲಿ ಕುಂಚವನ್ನು ಅದರಲ್ಲಿ ತೊಳೆಯುವುದಾಗಲಿ ಸರ್ವಥಾ ಕೂಡದು, ಏಕೆಂದರೆ ಊರಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುವುದು ಅದೇ ಮೆಟ್ಟಿಲುಗಳ ಮೇಲೆ. ಕೋತಿಗಳ ಹಾವಳಿ ಹೆಚ್ಚಿರುವುದರಿಂದ ತಿಂಡಿಯ ಚೀಲವನ್ನು ಬಣ್ಣದ ಪೆಟ್ಟಿಗೆಯ ಜೊತೆಗೆ ಇಡಬಾರದು.

ಹಿನ್ನೀರಿನ ಹರವು

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ನೀರು ಆ ಮಟ್ಟಕ್ಕೇರುವ ಮಳೆಗಾಲದ ಕೊನೆಯಲ್ಲಿ ಬಾಗಲಕೋಟೆಯ ಸುತ್ತ ಕಾಣುವ ದೃಶ್ಯಕ್ಕೂ, ನೀರು ಇಳಿದು ಕೆಸರಿನ ದಂಡೆಗಳು ಬಿರುಕು ಬಿಡುವ ಬೇಸಿಗೆಯ ದೃಶ್ಯಕ್ಕೂ ಒಂದೇ ಊರಿನದೆಂಬ ಹೋಲಿಕೆಯೇ ಇರುವುದಿಲ್ಲ. ಹಳೆಯ ಊರಿನ ಬಹುಭಾಗವನ್ನು ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಿಗೆ ಈ ನೀರು ಬರಿಯ ದೃಶ್ಯವಲ್ಲ. ಮನೆ, ಓಣಿ, ಹೊಲಗಳ ಮೇಲೆ ನಿಂತ ನೀರು ಅದು. ಆ ಅರಿವಿನಿಂದ ಚಿತ್ರಿಸುವವರು ದಂಡೆಯಲ್ಲಿ ಉಳಿದ ಗೋಡೆ, ನೀರಿನಿಂದ ಮೇಲೆದ್ದ ಒಣ ಮರ ಇವುಗಳನ್ನು ಅಂದಕ್ಕೆ ಅಡ್ಡಿಯೆಂದು ತೆಗೆದುಹಾಕುವುದಿಲ್ಲ, ತೆಗೆಯಲೂಬಾರದು.

ಇಲ್ಲಿ ಮೊದಲು ಗಮನಿಸಬೇಕಾದದ್ದು ದಿಗಂತ. ನೀರಿನ ದೂರದ ಅಂಚು ಹಲಗೆಯ ಮೇಲೆ ಸಮತಲವಾಗಿಯೇ ಇರಬೇಕು. ಕೂದಲೆಳೆಯಷ್ಟು ಓರೆಯಾದರೂ ಜಲಾಶಯ ಚೆಲ್ಲಿಹೋದಂತೆ ಕಾಣುತ್ತದೆ. ದಿಗಂತವನ್ನು ಹಲಗೆಯ ನಟ್ಟನಡುವೆ ಇಡದೆ, ಮೋಡ ಮುಖ್ಯವಾದಾಗ ಕೆಳಗೂ ನೀರು ಮುಖ್ಯವಾದಾಗ ಮೇಲಕ್ಕೂ ಸರಿಸಬೇಕು. ಅಲೆಗಳ ಸಾಲುಗಳು ಹತ್ತಿರದಲ್ಲಿ ಅಗಲವಾಗಿದ್ದು ದೂರ ಹೋದಂತೆ ಕಿರಿದಾಗುತ್ತಾ ಕೊನೆಗೆ ಗೆರೆಗಳಾಗಿ ಕೂಡಿಕೊಳ್ಳುತ್ತವೆ. ಎಲ್ಲ ಅಲೆಗಳನ್ನೂ ಒಂದೇ ಅಳತೆಯಲ್ಲಿ ಬರೆದರೆ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಗಾಳಿ ಬೀಸಿದಾಗ ನೀರಿನ ಮೇಲೆ ಅಲ್ಲಲ್ಲಿ ಗಾಢವಾದ ಪಟ್ಟೆಗಳು ಓಡಾಡುವುದನ್ನು ಎಲ್ಲರೂ ಕಂಡಿರುತ್ತಾರೆ. ನಿಶ್ಚಲವಾದ ದೂರದ ನೀರು ದಿಗಂತದ ಬಳಿಯ ತಿಳಿ ಆಕಾಶವನ್ನು ಪ್ರತಿಫಲಿಸಿದರೆ, ಗಾಳಿಗೆ ಓರೆಯಾದ ಅಲೆಯ ಮೈಗಳು ಇನ್ನೂ ಮೇಲಿನ ಗಾಢ ಆಕಾಶವನ್ನು ಪ್ರತಿಫಲಿಸುತ್ತವೆ ಎಂಬುದೇ ಅದಕ್ಕೆ ಕಾರಣ. ಈ ಕಾರಣವನ್ನು ತಿಳಿದವರು ಗಾಳಿಯ ಪಟ್ಟೆಗೆ ತಲೆಯ ಮೇಲಿನ ಆಕಾಶದ ಬಣ್ಣವನ್ನೇ ಹಚ್ಚುತ್ತಾರೆ. ಇನ್ನು ಹೊಳೆಗೆ ಹೊಸ ನೀರು ಬಂದಾಗ ಕೃಷ್ಣೆಯೂ ಘಟಪ್ರಭೆಯೂ ಹೊತ್ತು ತರುವ ಮಣ್ಣಿನಿಂದ ನೀರು ಚಹಾದ ಬಣ್ಣಕ್ಕಿರುತ್ತದೆ. ಅಂಥ ಅಲೆಯ ನೆತ್ತಿಯ ತೆಳುವಾದ ಅಂಚಿನ ಮೂಲಕ ಬಿಸಿಲು ಹಾಯ್ದಾಗ ಕಡಲಿನಲ್ಲಿ ಕಾಣುವ ಗಾಜಿನ ಹಸಿರಿಗೆ ಬದಲಾಗಿ ಜೇನಿನ ಬಣ್ಣ ಕಾಣುತ್ತದೆ, ಅದಕ್ಕೆ ರಾ ಸಿಯೆನ್ನಾ ಮತ್ತು ಚೂರು ಹಳದಿ ಸಾಕು. ಚಳಿಗಾಲದಲ್ಲಿ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುವುದರಿಂದ ನೀಲಿಗೆ ಸಲ್ಲಬೇಕಾದ ಸ್ಥಾನ ಆಗ ಸಲ್ಲುತ್ತದೆ. ಆ ದಿನಗಳಲ್ಲಿ ದಂಡೆಗೆ ಬರುವ ರಾಜಹಂಸಗಳ ಗುಂಪನ್ನು ದೂರದ ತಿಳಿಗುಲಾಬಿ ಗೆರೆಯಾಗಿ ತೋರಿಸಿದರೆ ಸಾಕು, ಕಾಲು ಕೊಕ್ಕುಗಳನ್ನು ಎಣಿಸಿ ಬರೆಯಬೇಕಾಗಿಲ್ಲ. ದೂರದ ಗುಡ್ಡಗಳ ವಿಷಯದಲ್ಲಿಯೂ ಋತುವನ್ನು ನೋಡಬೇಕು: ಕರಾವಳಿಯ ತೇವದ ಗಾಳಿಯಲ್ಲಿ ದೂರವೆಲ್ಲ ನೀಲಿಯಾದರೆ, ಇಲ್ಲಿ ಬೇಸಿಗೆಯಲ್ಲಿ ಧೂಳು ತುಂಬಿದ ಗಾಳಿಯಿಂದ ದೂರದ ಬಣ್ಣ ಬಿಳಿಚಿದ ಹಳದಿ-ಬೂದಿಗೆ ತಿರುಗುತ್ತದೆ.

ಕೂಡಲಸಂಗಮದಲ್ಲಿ ಸಂಗಮನಾಥನ ಗುಡಿಯ ಗಾಢ ಕಲ್ಲು, ನೀರಿನ ನಡುವಿನ ಬಸವಣ್ಣನವರ ಐಕ್ಯಮಂಟಪ ಮತ್ತು ಹಿಂದಿನ ವಿಶಾಲ ನೀರು ಒಟ್ಟಿಗೆ ಬರುವುದರಿಂದ ರಚನೆಯ ಅಭ್ಯಾಸಕ್ಕೆ ಅದು ಒಳ್ಳೆಯ ತಾಣ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವು ಪೂರ್ವಕ್ಕೆ ಮಲಪ್ರಭೆಯ ಕಡೆ ಮುಖ ಮಾಡಿರುವುದರಿಂದ ಬೆಳಗಿನ ಬೆಳಕು ನೇರವಾಗಿ ಅದರ ಮೇಲೆ ಬೀಳುತ್ತದೆ, ಎದುರು ದಡದಿಂದ ಚಿತ್ರಿಸುವವರು ಆ ಹೊತ್ತನ್ನೇ ಆಯ್ದುಕೊಳ್ಳಬೇಕು.

ಬಣ್ಣದ ಮೇಳ

ಬಣ್ಣವೊಂದು ತನ್ನ ಪಕ್ಕದ ಬಣ್ಣದಿಂದ ಹೇಗೆ ಬದಲಾಗಿ ತೋರುತ್ತದೆಂಬುದನ್ನು 1839ರ ತನ್ನ ಗ್ರಂಥದಲ್ಲಿ ವಿವರಿಸಿದ ಶೆವ್ರೋಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಪ್ಯಾರಿಸಿನ ಗೋಬ್ಲೆನ್ ನೇಕಾರಿಕೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದನು; ಅವನ ಸಿದ್ಧಾಂತವು ಮುಂದೆ ಯುರೋಪಿನ ಚಿತ್ರಕಲೆಯನ್ನೇ ಪ್ರಭಾವಿಸಿತು. ಇಳಕಲ್ಲಿನ ಮಗ್ಗದ ಮುಂದೆ ನಿಂತವರಿಗೆ ಆ ತತ್ತ್ವ ಕಣ್ಣಿಗೇ ಕಾಣುತ್ತದೆ. ಚಂದ್ರಕಾಳಿ ಸೀರೆಯ ಕಪ್ಪು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ಕೆಂಪು ರೇಷ್ಮೆಯ ಸೆರಗು, ಅದರೊಳಗೆ ಬಿಳಿಯ ತೋಪು ತೆನೆ: ಕಪ್ಪಿನ ನೆರೆಯಿಂದ ಕೆಂಪು ಉರಿಯುತ್ತದೆ, ಕೆಂಪಿನ ನಡುವೆ ಬಿಳಿ ತಣ್ಣಗಾಗುತ್ತದೆ. ಜಲದೃಶ್ಯದಲ್ಲಿಯೂ ಅದೇ ನ್ಯಾಯ. ಸಂಜೆಯ ಬಂಡೆಗೆ ಇನ್ನಷ್ಟು ಕೆಂಪು ಬಳಿಯುವ ಬದಲು ಅದರ ಬುಡದ ನೀರನ್ನು ಹಸಿರು ಬೆರೆತ ಗಾಢ ಬೂದಿಗೆ ಇಳಿಸಿದರೆ ಬಂಡೆ ತಾನಾಗಿ ಬೆಳಗುತ್ತದೆ. ಬಿಳಿಯನ್ನೂ ಇಳಕಲ್ಲಿನ ನೇಕಾರರಂತೆ ಅಳತೆಯಲ್ಲಿಯೇ ಬಳಸಬೇಕು. ನೀರಿನ ಹೊಳಪಿನ ಕೆಲವೇ ಚುಕ್ಕೆಗಳಿಗೆ, ಅದೂ ಎಲ್ಲಕ್ಕಿಂತ ಕೊನೆಗೆ, ದಪ್ಪವಾಗಿ ಒಂದೇ ಸಲ ಇಟ್ಟು ಮತ್ತೆ ಮುಟ್ಟಬಾರದು.

ಈ ಅಭ್ಯಾಸದ ನಂತರ ಕರಾವಳಿಗೆ ಹೋದವರು ಎದುರಿಸುವ ಹೊಸ ಸಂಗತಿಗಳು ಎರಡು ಮೂರು ಮಾತ್ರ. ಕಡಲಿನ ತೆರೆಯು ದೂರದಿಂದ ಉರುಳಿಬಂದು ಆಳ ಕಡಿಮೆಯಾದಲ್ಲಿ ಮೇಲೆದ್ದು ಒಡೆಯುವುದರಿಂದ ಅದಕ್ಕೆ ಮೈ, ನೆತ್ತಿ, ತಗ್ಗು ಎಂಬ ಭಾಗಗಳು ಸ್ಪಷ್ಟವಾಗಿರುತ್ತವೆ. ಒಂದೇ ತೆರೆಯನ್ನು ಹಿಡಿಯಲು ಹೋಗದೆ ಹತ್ತಾರು ತೆರೆಗಳನ್ನು ಸುಮ್ಮನೆ ನೋಡಿ, ಅವೆಲ್ಲಕ್ಕೂ ಸಾಮಾನ್ಯವಾದ ಆಕಾರವನ್ನು ಬರೆಯಬೇಕು. ನೆರಳಿನಲ್ಲಿರುವ ನೊರೆ ಬಿಳಿಯಲ್ಲ, ನೀಲಿ-ಬೂದು. ಬಿಸಿಲು ಬಿದ್ದ ಅಂಚು ಮಾತ್ರ ಬೆಚ್ಚಗಿನ ಬಿಳಿ. ಉಬ್ಬರವಿಳಿತದಿಂದ ದಡದ ಗೆರೆ ಗಂಟೆಗಂಟೆಗೂ ಸರಿಯುವುದರಿಂದ ಅದನ್ನು ಮೊದಲೇ ಗುರುತಿಸಿಕೊಂಡು ಅದಕ್ಕೇ ಬದ್ಧರಾಗಿರಬೇಕು.

ಹೊರಗೆ ಮಾಡಿದ ಚಿಕ್ಕ ಚಿತ್ರವನ್ನು ಆಧರಿಸಿ ಮನೆಯಲ್ಲಿ ದೊಡ್ಡ ಕ್ಯಾನ್ವಾಸಿನ ಮೇಲೆ ಪದರಗಳಲ್ಲಿ ಚಿತ್ರಿಸುವಾಗ ಒಂದು ನಿಯಮವನ್ನು ಮೀರುವಂತಿಲ್ಲ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಕ್ರಮೇಣ ಹೆಚ್ಚು. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಒಣಗುವುದರಿಂದ ಅದು ಕೆಳಗಿದ್ದರೆ ಮೇಲಿನ ಪದರ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಬಣ್ಣವನ್ನು ತೆಳುಮಾಡಲು ಸೀಮೆಎಣ್ಣೆಯನ್ನು ಬಳಸಬಾರದು. ಕಿಟಕಿಗಳನ್ನು ತೆರೆದಿಟ್ಟು ಟರ್ಪೆಂಟೈನನ್ನೇ ಬಳಸಬೇಕು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಾಗಲಕೋಟೆಯ ಬೇಸಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚಾದ್ದರಿಂದ ಅಂಥ ಬಟ್ಟೆಯನ್ನು ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿಡಬೇಕು. ಹಸಿ ಚಿತ್ರಗಳನ್ನು ಒಯ್ಯುವಾಗ ಒಂದೇ ಅಳತೆಯ ಎರಡು ಹಲಗೆಗಳನ್ನು ಎದುರುಬದುರಾಗಿ ಹಿಡಿದು, ನಾಲ್ಕು ಮೂಲೆಗಳಲ್ಲಿ ಚಿಕ್ಕ ಬಿರಡೆಯ ತುಂಡುಗಳನ್ನಿಟ್ಟು ಕ್ಲಿಪ್ಪು ಹಾಕಿದರೆ ಎರೆಭೂಮಿಯ ಧೂಳು ಅಂಟುವುದಿಲ್ಲ. ಮುಟ್ಟಿದರೆ ಒಣಗಿದಂತೆ ತೋರಿದರೂ ಒಳಗಿನ ಪದರ ಹಸಿಯಾಗಿಯೇ ಇರುವುದರಿಂದ, ವಾರ್ನಿಶ್ ಬಳಿಯಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ದಪ್ಪನಾದ ಬಿಳಿಯಿರುವ ಚಿತ್ರಕ್ಕೆ ವರ್ಷದ ಲೆಕ್ಕವೇ ಸರಿ.